ಮಾಥೇರಾನ್ ಬೆಟ್ಟದ ರೈಲಿನ ಉಗಿ ಎಂಜಿನ್‌ನ ಹಳೇ ಡ್ರಾಯಿಂಗ್ ಸಿಕ್ಕಿದೆ. ಪುಣೆಯಲ್ಲಿ ನಾಲ್ವರು ಸೇರಿ ಹೊಸದಾಗಿ ಕಟ್ಟಬೇಕೆಂದಿದ್ದೇವೆ. ಇದ್ದ ಹಾಗೇ ಕಟ್ಟಬೇಕೋ, ಈಗಿನ ಕಾಲಕ್ಕೆ ತಕ್ಕಂತೆ ಸುಧಾರಿಸಬೇಕೋ?

ನಿಮ್ಮ ಹಾಗೆ ನಾವೂ ನಾಲ್ವರೇ ಇದ್ದೆವು, ಕಟ್ಟಿದ ಎಂಜಿನ್ನೂ ಅದೇ. ಪುಣೆಯ ಭೋಸರಿಯಲ್ಲಿ ಗೆಳೆಯನ ಶೆಡ್ ಇತ್ತು. ನಮ್ಮದು ಏಳೂಕಾಲು ಇಂಚಿನ ಗೇಜ್ (ಹಳಿಗಳ ನಡುವಿನ ಅಂತರ), ಮೇಲೆ ಕೂತು ಓಡಿಸುವಂಥ ಚಿಕ್ಕ ಮಾದರಿ.

ಬಾಯ್ಲರನ್ನು ಮುಂದೆ, ಹೊಗೆ ಸೇರುವ ಸ್ಮೋಕ್‌ಬಾಕ್ಸ್ ಹತ್ತಿರ, ಫ್ರೇಮಿಗೆ ಬಿಗಿಯುತ್ತಾರೆ. ಹಿಂದೆ, ಬೆಂಕಿ ಉರಿಯುವ ಫೈರ್‌ಬಾಕ್ಸ್ ಪಕ್ಕ, ಒಂದು ಬ್ರಾಕೆಟ್. ಡ್ರಾಯಿಂಗಿನಲ್ಲಿ ಅದರ ತೂತು ಉದ್ದಕ್ಕಿತ್ತು. ನಾನು ಟೂಲ್‌ರೂಮಿನವ, ಸಡಿಲ ಕಂಡರೆ ಆಗದು. ಆಗಿನವರಿಗೆ ಲೇಸರ್ ಕಟಿಂಗ್ ಎಲ್ಲಿತ್ತು, ಜೋಡಿಸುವಾಗ ಎಳೆದಾಡಲು ಬಿಟ್ಟ ಜಾಗ ಅಂದುಕೊಂಡೆ. ದುಂಡಗೆ ತೂತು ಕೊರೆದು, ರೀಮರ್ ಆಡಿಸಿ ನಯ ಮಾಡಿ, ಒಂದಿಷ್ಟೂ ಅಲುಗದ ಫಿಟ್ ಬೋಲ್ಟ್ ಕೂಡಿಸಿದೆ. ಎಷ್ಟು ನೀಟಾಗಿ ಕೂತಿತೆಂದು ಎಲ್ಲರನ್ನೂ ಕರೆದು ತೋರಿಸಿದ್ದೂ ನಾನೇ.

ಬಾಯ್ಲರಿಗೆ ತಣ್ಣೀರು ತುಂಬಿ ಒತ್ತಡ ಕೊಡುವ ಹೈಡ್ರಾಲಿಕ್ ಟೆಸ್ಟ್ ಪಾಸಾಯಿತು. ತಣ್ಣೀರಿಗೇನು ಗೊತ್ತು?

ಬೆಂಕಿ ಹಾಕಿ ಉಗಿಯ ಒತ್ತಡ ಏಳು ಬಾರ್‌ಗೆ ಏರಿಸಿದೆವು. ಬೆಳಿಗ್ಗೆ ಒಂದು ಕೈಯಲ್ಲಿ ತಳ್ಳಿದರೆ ಉರುಳುತ್ತಿದ್ದ ಎಂಜಿನ್, ಉಗಿ ಬಿಡುವ ರೆಗ್ಯುಲೇಟರ್ ತೆರೆದರೂ ಜಪ್ಪಯ್ಯ ಅನ್ನಲಿಲ್ಲ. ಆರಿಸಿದೆವು, ಸಂಜೆ ಮತ್ತೆ ಉರುಳಿತು! ಸಿಲಿಂಡರಿಗೆ ಉಗಿ ಬಿಡುವ ವಾಲ್ವ್‌ಗಳ ಟೈಮಿಂಗ್ ತಪ್ಪಿದೆ ಅಂತ ಇಡೀ ವಾಲ್ವ್ ಗೇರ್ ಬಿಚ್ಚಿದೆವು. ಮೂರು ತಿಂಗಳು ಅದರಲ್ಲೇ ಹೋಯಿತು. ಕೊನೆಗೆ ಬ್ರಾಕೆಟ್‌ನ ವೆಲ್ಡ್ ಸೀಳಿತು.

ಹುಬ್ಬಳ್ಳಿಯಿಂದ ನಮ್ಮ ಸೋದರಮಾವ ಬಂದಿದ್ದರು, ಉಗಿ ಕಾಲದ ಲೋಕೋ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವರು. ಬಗ್ಗಿ ನೋಡಿ, "ಬಾಯ್ಲರ್ ಕಾದ್ರ ಉದ್ದ ಆಗ್ತೈತಲೇ ತಮ್ಮಾ, ಎರಡೂ ಕಡೆ ಕಟ್ಟಿ ಹಾಕಿದ್ರ ಅದು ಎಲ್ಲಿಗೆ ಹೋಗಬೇಕು?" ಅಂದರು.

ಲೆಕ್ಕ ನಾಚಿಕೆಯಾಗುವಷ್ಟು ಸಣ್ಣದು. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ನಮ್ಮ ಬಾಯ್ಲರ್ 1.2 ಮೀಟರ್. ಏಳು ಬಾರ್‌ಗೆ ಉಗಿ ಸುಮಾರು 170 ಡಿಗ್ರಿ. ಅಂದರೆ ತಣ್ಣಗಿದ್ದಾಗಿಗಿಂತ ಸುಮಾರು ಎರಡು ಎಂ.ಎಂ. ಉದ್ದ. ಫ್ರೇಮ್ ಅಷ್ಟು ಕಾಯುವುದಿಲ್ಲ, ಹಿಗ್ಗುವುದಿಲ್ಲ. ಬಾಯ್ಲರ್ ಅದನ್ನು ಬಿಲ್ಲಿನ ಹಾಗೆ ಬಗ್ಗಿಸಿತು, ಚಕ್ರದ ಅಚ್ಚು ತಿರುಗುವ ಆಕ್ಸಲ್ ಬಾಕ್ಸ್‌ಗಳು ಕಚ್ಚಿಕೊಂಡವು. ಆ ಉದ್ದ ತೂತು ಇದ್ದದ್ದೇ ಬಾಯ್ಲರ್ ಹಿಂದಕ್ಕೆ ಜಾರಲಿ ಅಂತ. ಅಲ್ಲಿ ಬೋಲ್ಟ್ ಬರೀ ಮೇಲಕ್ಕೇಳದಂತೆ ಹಿಡಿಯಬೇಕು, ಬಿಗಿಯಬಾರದು. ಬ್ರಾಕೆಟ್ ಕಿತ್ತು ಹೊಸದು ಹಾಕಿದೆವು, ಫ್ರೇಮನ್ನೂ ಹೊಸದಾಗಿ ಕತ್ತರಿಸಿದೆವು.

ಹಾಗಾಗಿ 'ಇದ್ದ ಹಾಗೋ, ಸುಧಾರಿಸಿಯೋ' ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಡ್ರಾಯಿಂಗಿನ ಒಂದು ಗೆರೆ ಯಾಕಿದೆ ಅಂತ ನಿಮ್ಮ ನಾಲ್ವರಲ್ಲಿ ಒಬ್ಬರಿಗೂ ಹೇಳಲಾಗದಿದ್ದರೆ ಅದನ್ನು ಮುಟ್ಟಬೇಡಿ. ಈ ಎಂಜಿನ್ನಿನಲ್ಲಂತೂ ಕ್ಲೀನ್-ಲಿಂಡ್ನರ್ ಆಕ್ಸಲ್ ಇದೆ. ಮಾಥೇರಾನಿನ ತಿರುವುಗಳಿಗಾಗಿ ತುದಿಯ ಚಕ್ರಗಳು ಪಕ್ಕಕ್ಕೆ ಸರಿಯುವಂತೆ ಮಾಡಿದ್ದು. ಅದೂ ನೋಡಲು ಸಡಿಲವೇ!

ಮಾಥೇರಾನಿನ ಅಸಲಿ ಎರಡಡಿ ಗೇಜಿನ ಪೂರ್ತಿ ಅಳತೆಯದೇ ಮನಸ್ಸಿನಲ್ಲಿದ್ದರೆ ಬಿಟ್ಟುಬಿಡಿ. ಹೊಸದಾಗಿ ಕಟ್ಟಿದ ಇಂಗ್ಲೆಂಡಿನ ಉಗಿ ಎಂಜಿನ್ 'ಟೊರ್ನಾಡೊ' 1990ರಲ್ಲಿ ಶುರುವಾಗಿ 2008ರಲ್ಲಿ ಓಡಿತು, ಸುಮಾರು 30 ಲಕ್ಷ ಪೌಂಡ್ ನುಂಗಿ. ಬಾಯ್ಲರ್ ಮಾಡಿಸಲು ಜರ್ಮನಿಯ ಮೈನಿಂಗೆನ್‌ಗೆ ಹೋಗಬೇಕಾಯಿತು. ಅದು ನಿಮ್ಮದಕ್ಕಿಂತ ಬಹಳ ದೊಡ್ಡದು, ಒಪ್ಪುತ್ತೇನೆ. ನೀಲಗಿರಿ ಬೆಟ್ಟದ ರೈಲಿಗೆ ಹೊಸ ಉಗಿ ಎಂಜಿನ್ ಕಟ್ಟಿದ ತಿರುಚ್ಚಿಯ ಗೋಲ್ಡನ್ ರಾಕ್ ಆದರೋ ರೈಲ್ವೆಯದೇ ವರ್ಕ್‌ಶಾಪ್. ನಿಮ್ಮ ಹಿಂದೆ ಯಾರಿದ್ದಾರೆ? ಎಂಜಿನ್ ಚಿಕ್ಕದಾದರೂ ಬಾಯ್ಲರ್ 25 ಲೀಟರ್ ದಾಟಿದರೆ ಬಾಯ್ಲರ್ ಕಾಯ್ದೆ ಬರುತ್ತದೆ. ತಗಡು ಕೊಳ್ಳುವ ಮೊದಲೇ ಇನ್‌ಸ್ಪೆಕ್ಟರನ್ನು ಕಾಣಿ.

ಫೈರ್‌ಬಾಕ್ಸ್ ಕಡೆಯ ಡ್ರಾಯಿಂಗಿನ ಫೋಟೋ ಹಾಕಿ. ಆ ಬ್ರಾಕೆಟ್ ಒಂದನ್ನಾದರೂ ನೋಡಿ ಹೇಳುತ್ತೇನೆ.