ಮೊದಲು ನಂಬಿಕೆಯೋ, ಹೊಸ ಹುಟ್ಟೋ?

ಪ್ರಿಯ ಓದುಗರೇ,

ಕ್ರಿಸ್ತನನ್ನು ನಂಬಿದ ಮೇಲೆ ಹೊಸ ಹುಟ್ಟು, ಅಂದರೆ ದೇವರು ಒಳಗೆ ಕೊಡುವ ಹೊಸ ಜೀವ, ಸಿಗುತ್ತದೋ, ಇಲ್ಲ ಪವಿತ್ರಾತ್ಮನು ಹೊಸ ಹುಟ್ಟು ಕೊಟ್ಟ ಮೇಲೆ ನಂಬಿಕೆ ಬರುತ್ತದೋ ಅಂತ ಕೇಳಿದ್ದೀರಿ. ಪತ್ರದ ಕೊನೆಯಲ್ಲಿ ಇನ್ನೊಂದು ಮಾತೂ ಇದೆ. ಹುಟ್ಟೇ ಮೊದಲಾದರೆ, ನಾನು ಹೊಸದಾಗಿ ಹುಟ್ಟಿದ್ದೇನೋ ಇಲ್ಲವೋ ತಿಳಿಯದೆ ನಂಬುವುದು ಹೇಗೆ, ನಂಬದ ನನ್ನ ತಮ್ಮನ ಜೊತೆ ಮಾತಾಡಿ ಏನು ಉಪಯೋಗ ಅಂತ. ಇಷ್ಟುದ್ದ ಬರೆಯುತ್ತಿರುವುದು ಈ ಮಾತಿಗಾಗಿಯೇ.

ನನ್ನ ಉತ್ತರ ನೇರವಾಗಿ ಹೇಳಿಬಿಡುತ್ತೇನೆ: ಹೊಸ ಹುಟ್ಟೇ ಮೊದಲು. ಆದರೆ ನಾನು ಸಮಯದ ಲೆಕ್ಕ ಹೇಳುತ್ತಿಲ್ಲ, ಯಾವುದರಿಂದ ಯಾವುದು ಬಂತು ಅನ್ನೋದನ್ನು ಹೇಳುತ್ತಿದ್ದೇನೆ. ಕುರುಡನ ಕಣ್ಣು ತೆರೆದ ಗಳಿಗೆಯಲ್ಲೇ ಅವನಿಗೆ ಬೆಳಕು ಕಾಣುತ್ತದೆ, ನಡುವೆ ಒಂದು ಕ್ಷಣವೂ ಇಲ್ಲ. ಆದರೂ ಬೆಳಕು ಕಂಡದ್ದರಿಂದ ಕಣ್ಣು ತೆರೆಯಿತು ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಹೊಸದಾಗಿ ಹುಟ್ಟಿಯೂ ನಂಬಿಕೆಯಿಲ್ಲದೆ ತಿಂಗಳುಗಟ್ಟಲೆ ಕಳೆಯುವ ಮನುಷ್ಯನೇ ಇಲ್ಲ.

ಹೀಗೆ ಹೇಳಲು ಕಾರಣ ಬೈಬಲ್ಲಿನಲ್ಲೇ ಇದೆ. ಪಾಪದಲ್ಲಿ ಸತ್ತಿದ್ದ ನಮ್ಮನ್ನು ದೇವರು ಬದುಕಿಸಿದನು ಅನ್ನುತ್ತಾನೆ ಪೌಲ, ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ. ಯೆಹೆಜ್ಕೇಲ 36ರಲ್ಲಿ ಕಲ್ಲಿನ ಹೃದಯ ತೆಗೆದು ಹೊಸ ಹೃದಯ ಕೊಡುವವನು ದೇವರೇ. ನೀವು ಎತ್ತಿ ತೋರಿಸಿದ ಯೋಹಾನ 1:12 ನಿಜವಾಗಿಯೂ ಗಟ್ಟಿ ವಾಕ್ಯ, ಕ್ರಿಸ್ತನನ್ನು ಅಂಗೀಕರಿಸಿದವರಿಗೆ ದೇವರ ಮಕ್ಕಳಾಗುವ ಅಧಿಕಾರ ಸಿಕ್ಕಿತು ಅಂತಲೇ ಇದೆ. ಆದರೆ ಅಲ್ಲಿಗೇ ನಿಲ್ಲಬೇಡಿ, 13ನೇ ವಚನವನ್ನೂ ಓದಿ. ಅವರು ಮನುಷ್ಯನ ಇಚ್ಛೆಯಿಂದ ಹುಟ್ಟಿದವರಲ್ಲ, ದೇವರಿಂದ ಹುಟ್ಟಿದವರು. ಯೋಹಾನನ ಮೊದಲನೆಯ ಪತ್ರವನ್ನೂ ನೋಡಿ: 2:29ರಲ್ಲಿ ನೀತಿಯಿಂದ ನಡೆಯುವವನು ದೇವರಿಂದ ಹುಟ್ಟಿದವನು, 5:1ರಲ್ಲಿ ನಂಬುವವನು ದೇವರಿಂದ ಹುಟ್ಟಿದವನು. ನೀತಿಯ ನಡತೆ ಹೊಸ ಹುಟ್ಟಿನ ಫಲ ಅಂತ ಎಲ್ಲರೂ ಒಪ್ಪುತ್ತೇವೆ. ಅದೇ ಧಾಟಿಯಲ್ಲಿ ಹೇಳಿದ ನಂಬಿಕೆ ಮಾತ್ರ ಹೇಗೆ ಬೇರೆಯಾಗುತ್ತದೆ?

ಹಾಗಂತ ನಂಬಿಕೆಯೇ ಮೊದಲು ಅನ್ನುವವರನ್ನು ಸುಮ್ನೆ ತಳ್ಳಿಹಾಕಬಾರದು. ನಮ್ಮ ಕಡೆಯವರು ಗುರುವೆಂದು ನೋಡುವ 16ನೇ ಶತಮಾನದ ಸುಧಾರಕ ಕ್ಯಾಲ್ವಿನನೇ ಹೊಸ ಹುಟ್ಟು ಅಂದಾಗ ಹೆಚ್ಚಾಗಿ ನಂಬಿಕೆಯಿಂದ ಶುರುವಾಗಿ ಜೀವನವಿಡೀ ನಡೆಯುವ ಬದಲಾವಣೆಯನ್ನು ಹೇಳುತ್ತಿದ್ದ. ಕ್ಯಾಲ್ವಿನನ ದಾರಿಯ ಸಭೆಗಳು ಒಪ್ಪುವ 1561ರ ಬೆಲ್ಜಿಕ್ ವಿಶ್ವಾಸ ಪ್ರಮಾಣದ 24ನೇ ವಿಧಿಯಲ್ಲೂ ನಂಬಿಕೆಯೇ ಮನುಷ್ಯನನ್ನು ಹೊಸಬನನ್ನಾಗಿ ಮಾಡುತ್ತದೆ ಅಂತಿದೆ. ಕ್ಯಾಥೊಲಿಕರೂ ಲೂಥರನ್ನರೂ ಹೊಸ ಹುಟ್ಟನ್ನು ದೀಕ್ಷಾಸ್ನಾನದ ಜೊತೆ ಸೇರಿಸಿ ಹೇಳುತ್ತಾರೆ, ಆ ಚರ್ಚೆಯೇ ಬೇರೆ.

ಅರ್ಮಿನಿಯನ್ನರು, ಅಂದರೆ ಡಚ್ ದೇವತಾಶಾಸ್ತ್ರಜ್ಞ ಅರ್ಮಿನಿಯಸ್‌ನ ದಾರಿ ಹಿಡಿದವರು, ಮನುಷ್ಯ ತನ್ನ ಸ್ವಂತ ಬಲದಿಂದ ನಂಬುತ್ತಾನೆ ಅನ್ನುತ್ತಾರೆ ಅಂತ ಬರೆದಿದ್ದೀರಿ. ಅದು ಅವರಿಗೆ ಮಾಡುವ ಅನ್ಯಾಯ. ಅರ್ಮಿನಿಯಸ್ 1609ರಲ್ಲಿ ತೀರಿಕೊಂಡ, ಮರುವರ್ಷ ಅವನ ಕಡೆಯವರು ಐದು ವಿಧಿಗಳನ್ನು ಮುಂದಿಟ್ಟರು. ಕೃಪೆಯಿಲ್ಲದೆ ಮನುಷ್ಯ ಯಾವ ಒಳ್ಳೆಯದನ್ನೂ ಮಾಡಲಾರ ಅನ್ನೋದು ಅದರಲ್ಲೇ ಸ್ಪಷ್ಟವಾಗಿದೆ. ನಂಬಿಕೆಯ ಆರಂಭ ಕೂಡ ಕೃಪೆಯಿಂದಲೇ ಅಂತ 529ರಲ್ಲೇ ಫ್ರಾನ್ಸಿನ ಆರೆಂಜ್‌ನಲ್ಲಿ ಸೇರಿದ್ದ ಬಿಷಪ್ಪರ ಸಭೆ ತೀರ್ಮಾನಿಸಿತ್ತು. ಅರ್ಮಿನಿಯನ್ನರ ಜೊತೆ ಜಗಳ ಇದ್ದದ್ದು ಆ ಕೃಪೆಯನ್ನು ಮನುಷ್ಯ ಕೊನೆಗೆ ತಳ್ಳಿಬಿಡಬಹುದೇ ಅನ್ನುವುದರಲ್ಲಿ. ಕ್ಯಾಲ್ವಿನನ ದಾರಿಯ ಸಭೆಗಳು ನೆದರ್ಲೆಂಡ್ಸಿನಲ್ಲಿ ನಡೆಸಿದ 1618-19ರ ಡಾರ್ಟ್ ಮಹಾಸಭೆ ಇಲ್ಲ ಅಂದಿತು, ನಾನೂ ಅದನ್ನೇ ಒಪ್ಪುತ್ತೇನೆ. ಆದರೆ ಡಾರ್ಟ್ ಇನ್ನೊಂದು ಮಾತನ್ನೂ ಹೇಳಿತು, ಅದನ್ನು ನಮ್ಮವರು ಮರೆತುಬಿಡುತ್ತಾರೆ: ಕೃಪೆ ಮನುಷ್ಯರನ್ನು ಕಲ್ಲು-ಮರಗಳ ಹಾಗೆ ನಡೆಸಿಕೊಳ್ಳುವುದಿಲ್ಲ, ನಂಬುವವನು ಮನುಷ್ಯನೇ.

ಈಗ ನಿಮ್ಮ ಭಯದ ವಿಷಯಕ್ಕೆ ಬರುತ್ತೇನೆ. ಹೊಸದಾಗಿ ಹುಟ್ಟಿದ್ದೇನೆ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ನಂಬು ಅಂತ ಬೈಬಲ್ ಯಾರಿಗೂ ಹೇಳಿಲ್ಲ. ಅಪೊಸ್ತಲರ ಕೃತ್ಯಗಳು 16ರಲ್ಲಿ ಫಿಲಿಪ್ಪಿ ಊರಿನ ಸೆರೆಮನೆಯ ಅಧಿಕಾರಿ ನಡುಗುತ್ತಾ, ರಕ್ಷಣೆಗೆ ಏನು ಮಾಡಬೇಕು ಅಂತ ಕೇಳಿದಾಗ ಪೌಲ ಅವನ ಒಳಗನ್ನು ಪರೀಕ್ಷಿಸಲಿಲ್ಲ, ಕರ್ತನಾದ ಯೇಸುವನ್ನು ನಂಬು ಅಂದ. ಅಷ್ಟೇ. ಆ ಮಾತು ನಿಮಗೂ ಸೇರಿದ್ದು. ಒಳಗೆ ಇಣುಕಿ ಗುರುತು ಹುಡುಕುತ್ತಾ ಕೂರಬೇಡಿ, ಕ್ರಿಸ್ತನನ್ನು ನೋಡಿ.

ಇನ್ನು ನಿಮ್ಮ ತಮ್ಮ. ಅದೇ ಊರಲ್ಲಿ, ಅದೇ ಅಧ್ಯಾಯದಲ್ಲಿ, ಲುದ್ಯಳೆಂಬ ಹೆಂಗಸಿನ ಹೃದಯವನ್ನು ಕರ್ತನು ತೆರೆದದ್ದು ಪೌಲ ಮಾತಾಡುತ್ತಿದ್ದಾಗ, ಅವಳು ಕೇಳಿಸಿಕೊಳ್ಳುತ್ತಿದ್ದಾಗ. ಹೃದಯ ತೆರೆಯುವ ಕೆಲಸ ನಿಮ್ಮದಲ್ಲ, ಅದಕ್ಕಾಗಿ ಪ್ರಾರ್ಥನೆ ಮಾಡಿ. ಮಾತಾಡುವುದು ಮಾತ್ರ ನಿಮ್ಮದು, ಅದನ್ನು ನಿಲ್ಲಿಸಬೇಡಿ. ವಾದ ಜಾಸ್ತಿ ಬೇಡ. ಈ ವಾರ ಅವರ ಜೊತೆ ಕೂತು ಯೋಹಾನನ ಸುವಾರ್ತೆಯ 3ನೇ ಅಧ್ಯಾಯ ಓದಿ.

— ಸಂಪಾದಕ