ಬಲ್ಲವರನ್ನು ಕೇಳಿ: ನೆಲದಡಿಯ ಮೊದಲ ರೈಲನ್ನು ಮ್ಯೂಸಿಯಂನಲ್ಲಿ ತೋರಿಸುವುದು ಹೇಗೆ?

ಪ್ರಶ್ನೆ: ನಮ್ಮ ಕಾಲೇಜಿನ ಮ್ಯೂಸಿಯಂನಲ್ಲಿ ದೇಶದ ಮೊದಲ ಮೆಟ್ರೊ ಮಾರ್ಗ ಹುಟ್ಟಿದ ಬಗೆಯ ಬಗ್ಗೆ ಪ್ರದರ್ಶನ ಇಡುತ್ತಿದ್ದೇವೆ. ಸಿಕ್ಕಿರುವುದು ಒಂದೇ ಕೋಣೆ. ಓಡುವ ರೈಲಿನ ಮಾದರಿ ಮಾಡೋಣ ಎಂಬುದು ಮಕ್ಕಳ ಆಸೆ. ಎಲ್ಲಿಂದ ಶುರು ಮಾಡುವುದು?
– ಉಪನ್ಯಾಸಕಿ, ಉಡುಪಿ

ಉತ್ತರ: ಮಣ್ಣಿನಿಂದ. ರೈಲನ್ನು ಎಲ್ಲರೂ ನೋಡಿದ್ದಾರೆ. ಕೋಲ್ಕತ್ತದ ನಡುಬೀದಿಯನ್ನು ಅಗೆದು, ಒಳಗೆ ಕಾಂಕ್ರೀಟಿನ ಪೆಟ್ಟಿಗೆ ಕಟ್ಟಿ, ಮತ್ತೆ ಮುಚ್ಚಿ ಮೇಲೆ ರಸ್ತೆ ಹಾಕಿದ್ದು ಹೇಗೆಂದು ತಿಳಿದವರು ಕಡಿಮೆ. 1972ರ ಡಿಸೆಂಬರ್ 29ರಂದು ಇಂದಿರಾ ಗಾಂಧಿ ಶಂಕುಸ್ಥಾಪನೆ ಮಾಡಿದರು. ಎಸ್‌ಪ್ಲನೇಡ್‌ನಿಂದ ಭವಾನಿಪುರದವರೆಗಿನ ಮೊದಲ 3.4 ಕಿ.ಮೀ. ತೆರೆದದ್ದು 1984ರ ಅಕ್ಟೋಬರ್ 24ರಂದು. ದಮ್‌ದಮ್‌ನಿಂದ ಟಾಲಿಗಂಜ್‌ವರೆಗಿನ 16.45 ಕಿ.ಮೀ. ಪೂರ್ತಿಯಾಗಲು 1995 ಬರಬೇಕಾಯಿತು. ಇಷ್ಟು ಕಾಲ ಯಾಕೆ ಹಿಡಿಯಿತು ಎಂಬ ಪ್ರಶ್ನೆಯನ್ನೇ ಬಾಗಿಲಲ್ಲಿ ಬರೆದು ಹಾಕಿ. ಆರಂಭದ ವರ್ಷಗಳಲ್ಲಿ ಸಾಕಷ್ಟು ಹಣ ಬರಲಿಲ್ಲ. ರಸ್ತೆಯಡಿಯ ನೀರಿನ ಕೊಳವೆ, ಒಳಚರಂಡಿ, ಕೇಬಲ್ಲುಗಳನ್ನು ಮೊದಲು ಸ್ಥಳಾಂತರಿಸಬೇಕಿತ್ತು. ಕೋರ್ಟಿನ ತಡೆಯಾಜ್ಞೆಗಳೂ ಬಂದವು. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿನ ನೆಲ ಮೆದು ಜೇಡಿ, ಸ್ವಲ್ಪ ಆಳಕ್ಕೇ ನೀರು.

ಗೋಡೆಗೆ ಒಂದೇ ಜಾಗದ ಅಡ್ಡಸೀಳು ಚಿತ್ರಗಳನ್ನು ಸಾಲಾಗಿ ಬರೆಸಿ. ಮೊದಲು ರಸ್ತೆಯ ಎರಡೂ ಬದಿ ಕಿರಿದಾದ, ಆಳವಾದ ಕಂದಕ. ಕುಸಿಯದಂತೆ ಅದರಲ್ಲಿ ಬೆಂಟೊನೈಟ್ (ನೀರಲ್ಲಿ ಉಬ್ಬುವ ಒಂದು ಬಗೆಯ ಜೇಡಿ) ಕಲಸಿದ ರಾಡಿ. ಆಮೇಲೆ ಕಂಬಿಯ ಪಂಜರ ಇಳಿಸಿ, ಉದ್ದದ ಕೊಳವೆಯಿಂದ ತಳದಲ್ಲೇ ಕಾಂಕ್ರೀಟ್ ಬಿಡುವುದು. ಕಾಂಕ್ರೀಟ್ ಏರಿದಂತೆ ರಾಡಿ ಮೇಲಕ್ಕೆ ಬರುತ್ತದೆ, ಅದನ್ನು ಪಂಪಿನಿಂದ ತೆಗೆಯುತ್ತಾರೆ. ಹೀಗೆ ಎದ್ದ ಎರಡು ಗೋಡೆಗಳ ನಡುವಿನ ಮಣ್ಣು ತೆಗೆಯುತ್ತ ಇಳಿದಂತೆ, ಅವು ಒಳಕ್ಕೆ ವಾಲದಂತೆ ಉಕ್ಕಿನ ಅಡ್ಡತೊಲೆ ಕೊಡುತ್ತಾರೆ. ತಳದ ಹಾಸು, ಮೇಲಿನ ಚಪ್ಪಡಿ, ಕೊನೆಗೆ ಮಣ್ಣು ಮತ್ತು ಡಾಮರು. ಶ್ಯಾಮ್‌ಬಜಾರ್–ಬೆಲ್ಗಾಚಿಯಾ ನಡುವೆ ಮಾತ್ರ ಮೇಲೆ ರೈಲ್ವೆ ಯಾರ್ಡ್ ಮತ್ತು ಕಾಲುವೆ ಇದ್ದುದರಿಂದ ಅಗೆದು ಮುಚ್ಚುವ ದಾರಿಯೇ ಇರಲಿಲ್ಲ. ಅಲ್ಲಿ ಒತ್ತಡದ ಗಾಳಿ ತುಂಬಿ, ಶೀಲ್ಡ್ ಯಂತ್ರದಿಂದ, ಅಂದರೆ ಮಣ್ಣು ಕುಸಿಯದಂತೆ ತಡೆಯುವ ಉಕ್ಕಿನ ಕವಚವನ್ನು ಮುಂದೆ ತಳ್ಳುತ್ತ, ಸುರಂಗ ಕೊರೆದರು. ಈ ತುಣುಕಿಗೆ ಬೇರೆ ಬಣ್ಣದ ಚಿತ್ರ ಇರಲಿ.

ಪ್ರಶ್ನೆ: ಬರೀ ರಾಡಿ ಕಂದಕವನ್ನು ಹಿಡಿದು ನಿಲ್ಲಿಸುತ್ತದೆ ಎಂದರೆ ವಿದ್ಯಾರ್ಥಿಗಳು ನಂಬುವುದಿಲ್ಲ. ಹೊಯಿಗೆಯಲ್ಲಿ ಮಾಡಿ ತೋರಿಸಬಹುದೇ?
– ವಿಜ್ಞಾನ ಶಿಕ್ಷಕ, ಸುರತ್ಕಲ್

ಉತ್ತರ: ಖಂಡಿತ. ನಮ್ಮ ಮಟ್ಟಿಗೆ ಇಡೀ ಪ್ರದರ್ಶನದಲ್ಲಿ ಅತಿ ಮುಖ್ಯವಾದ ಮೇಜು ಇದೇ. ಉಳ್ಳಾಲ, ಮಲ್ಪೆಯ ಕಡಲಂಚಿನಲ್ಲಿ ರಿಂಗ್ ಇಳಿಸದೆ ಬಾವಿ ತೋಡಲು ಹೋದರೆ ಏನಾಗುತ್ತದೆಂದು ಮಕ್ಕಳಿಗೆ ಗೊತ್ತಿರುತ್ತದೆ. ಅಲ್ಲಿಂದಲೇ ಮಾತು ಶುರು ಮಾಡಿ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಗಾಜಿನ ಅಕ್ವೇರಿಯಂ ಸಾಕು. ಸಣ್ಣ ಹೊಯಿಗೆಯನ್ನು 25 ಸೆಂ.ಮೀ. ತುಂಬಿ. ನೀರು ಸೇರಿದರೆ ತೂಕ 90 ಕಿಲೋ ಸಮೀಪಕ್ಕೆ ಬರುತ್ತದೆ, ಹಾಗಾಗಿ ಗಟ್ಟಿ ಮೇಜು ಬೇಕು, ತಳಕ್ಕೆ ಥರ್ಮೋಕೋಲ್ ಹಾಳೆ ಬೇಕು. ನೀರಿನ ಮಟ್ಟ ಹೊಯಿಗೆಯ ಮೇಲ್ಮೈಗಿಂತ 5–6 ಸೆಂ.ಮೀ. ಕೆಳಗಿರಲಿ.

ಬೆಂಟೊನೈಟ್ ಪುಡಿ ಮಂಗಳೂರಿನ ಪೈಲಿಂಗ್ ಗುತ್ತಿಗೆದಾರರ ಬಳಿ ಇರುತ್ತದೆ. 10 ಲೀಟರ್ ನೀರಿಗೆ 500–600 ಗ್ರಾಂ. ನೀರನ್ನು ಕಲಕುತ್ತಲೇ ಪುಡಿಯನ್ನು ಉದುರಿಸಬೇಕು. ಒಮ್ಮೆಗೇ ಸುರಿದರೆ ಒಳಗೆ ಒಣಪುಡಿ ಉಳಿದು ಗಂಟಾಗುತ್ತದೆ. ಹಿಂದಿನ ದಿನವೇ ಕಲಸಿಟ್ಟರೆ ಚೆನ್ನಾಗಿ ಉಬ್ಬುತ್ತದೆ. ಪುಡಿ ಹಾರುವಾಗ ಮೂಗಿಗೆ ಮಾಸ್ಕ್ ಇರಲಿ. ಒಂದು ಬದಿಯಲ್ಲಿ ರಾಡಿಯಿಲ್ಲದೆ ತೋಡಿ: ನೀರಿನ ಮಟ್ಟ ತಲುಪಿದ ಕೂಡಲೇ ಬದಿಗಳು ಜಾರುತ್ತವೆ. ಇನ್ನೊಂದು ಬದಿಯಲ್ಲಿ 3–4 ಸೆಂ.ಮೀ. ತೋಡಿ ರಾಡಿ ತುಂಬಿ, ರಾಡಿಯೊಳಗೇ ಚಮಚದಿಂದ ನಿಧಾನವಾಗಿ ಇಳಿಯಿರಿ, ಕಡಿಮೆಯಾದಷ್ಟು ಮತ್ತೆ ತುಂಬುತ್ತಿರಿ. ರಾಡಿ ಹೊಯಿಗೆಯ ಮುಖಕ್ಕೆ ತೆಳು ಪೊರೆಯಂತೆ ಮೆತ್ತಿಕೊಳ್ಳುತ್ತದೆ. ನೀರಿಗಿಂತ ಭಾರವಾದ, ನೀರಿಗಿಂತ ಮೇಲಿನ ಮಟ್ಟದಲ್ಲಿರುವ ರಾಡಿ ಆ ಪೊರೆಯನ್ನು ಒತ್ತಿ ಹಿಡಿಯುತ್ತದೆ.

ಕೆಡುವುದು ಮೂರು ಕಾರಣಕ್ಕೆ. ದಪ್ಪ ಹೊಯಿಗೆಯಾದರೆ ಪೊರೆ ಕಟ್ಟುವ ಮುಂಚೆಯೇ ರಾಡಿ ಸೋರಿಹೋಗುತ್ತದೆ. ರಾಡಿಯ ಮಟ್ಟ ಇಳಿಯಲು ಬಿಟ್ಟರೆ ಒತ್ತಡ ಸಾಲುವುದಿಲ್ಲ. ಮೂರನೆಯದು ನಮ್ಮ ಕರಾವಳಿಯ ತೊಂದರೆ: ಉಪ್ಪು ಸೇರಿದ ಬಾವಿ ನೀರು. ಅದರಲ್ಲಿ ಬೆಂಟೊನೈಟ್ ಉಬ್ಬದೆ ತಳಕ್ಕೆ ಕೂರುತ್ತದೆ. ಸಮುದ್ರದ ಹೊಯಿಗೆಯನ್ನೂ ಸಿಹಿನೀರಲ್ಲಿ ನಾಲ್ಕೈದು ಸಲ ತೊಳೆಯದೆ ಬಳಸಬೇಡಿ. ಕೆಲಸ ಮುಗಿದ ಮೇಲೆ ರಾಡಿಯನ್ನು ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಸಿಗುವ ಎಚ್‌ಒ ಅಳತೆಯ ಮಾದರಿ ರೈಲಿನ ಹಳಿ ಕೋಲ್ಕತ್ತದ ಮಾದರಿಗೆ ಆಗುತ್ತದೆಯೇ?
– ವಿದ್ಯಾರ್ಥಿ, ಮಣಿಪಾಲ

ಉತ್ತರ: ಆಗುತ್ತದೆ, ಅಳತೆಯನ್ನು ಮಾತ್ರ ಬದಲಿಸಿ. ಎಚ್‌ಒ ಹಳಿಯ ಅಂತರ 16.5 ಮಿ.ಮೀ. ಕೋಲ್ಕತ್ತ ಮೆಟ್ರೊದ್ದು 1676 ಮಿ.ಮೀ. ಬ್ರಾಡ್‌ಗೇಜ್. ಎಚ್‌ಒದ 1:87ರ ಲೆಕ್ಕದಲ್ಲಿ ಮಾಡಿದರೆ ಹಳಿ ಕಿರಿದಾಗಿ, ಬೋಗಿ ಅಗಲವಾಗಿ ಕಾಣುತ್ತದೆ. ನಿಲ್ದಾಣ, ಬೋಗಿ, ಗೋಡೆ ಎಲ್ಲವನ್ನೂ 1:100ಕ್ಕೆ ಮಾಡಿ, ಹಳಿ ಹೆಚ್ಚುಕಡಿಮೆ ಸರಿಹೊಂದುತ್ತದೆ. ಮೇಲೆ ವಿದ್ಯುತ್ ತಂತಿ ಎಳೆಯಬೇಡಿ. ಅಲ್ಲಿ 750 ವೋಲ್ಟ್ ಡಿಸಿ ಕರೆಂಟ್ ಬರುವುದು ಹಳಿಯ ಪಕ್ಕದ ಮೂರನೇ ಹಳಿಯಿಂದ.

ಪ್ರಶ್ನೆ: ಲಂಡನ್ನಿನ ಮೊದಲ ಮಾರ್ಗದಲ್ಲಿ ಉಗಿ ಎಂಜಿನ್ ಓಡಿದ್ದು ನಿಜವೇ? ಹೊಗೆ ಎಲ್ಲಿಗೆ ಹೋಗುತ್ತಿತ್ತು?
– ಓದುಗರು, ಕಾರ್ಕಳ

ಉತ್ತರ: ನಿಜ. 1863ರ ಜನವರಿ 10ರಂದು ಪ್ಯಾಡಿಂಗ್ಟನ್–ಫ್ಯಾರಿಂಗ್ಡನ್ ನಡುವೆ, ಸುಮಾರು 6 ಕಿ.ಮೀ. ಬಳಸಿದ ಉಗಿಯನ್ನು ಎಂಜಿನ್ನಿನ ನೀರಿನ ಟ್ಯಾಂಕಿಗೇ ತಿರುಗಿಸಿ ತಣಿಸುತ್ತಿದ್ದರು. ಹೊಗೆ ಮಾತ್ರ ಉಳಿಯುತ್ತಿತ್ತು, ಅದಕ್ಕೆ ಅಲ್ಲಲ್ಲಿ ಮೇಲೆ ತೆರೆದ ಕಂಡಿ ಬಿಟ್ಟಿದ್ದರು. ಇಂಥ 1866ರ ಎಂಜಿನ್ ಒಂದು ಲಂಡನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂನಲ್ಲಿದೆ.

ಪ್ರಶ್ನೆ: ಹಳೆಯ ಪತ್ರಿಕೆ, ಫೋಟೊ, ಕಾಂತಪಟ್ಟಿಯ ಮೆಟ್ರೊ ಟಿಕೆಟ್‌ಗಳು ಸಂಗ್ರಹವಾಗಿವೆ. ಪ್ರದರ್ಶನ ಜೂನ್‌ನಿಂದ. ಬೂಷ್ಟು ಹಿಡಿಯದಂತೆ ಏನು ಮಾಡಬೇಕು?
– ಗ್ರಂಥಪಾಲಕಿ, ಮಂಗಳೂರು

ಉತ್ತರ: ಸಾಧ್ಯವಾದರೆ ಗೋಡೆಗೆ ನಕಲು ಹಾಕಿ, ಮೂಲ ಪ್ರತಿಯನ್ನು ಒಣ ಕಪಾಟಿನಲ್ಲಿಡಿ. ಮೂಲವನ್ನೇ ಇಡುವುದಾದರೆ ಲ್ಯಾಮಿನೇಷನ್ ಬೇಡ, ಸೆಲೋಟೇಪ್ ಬೇಡವೇ ಬೇಡ. ಪಾಲಿಯೆಸ್ಟರ್ ಕವರ್ ಸಾಕು. ಫೋಟೊ ನೇರವಾಗಿ ಗಾಜಿಗೆ ತಾಗಿದರೆ ಮಳೆಗಾಲದಲ್ಲಿ ಅಂಟಿಕೊಳ್ಳುತ್ತದೆ, ಬಿಡಿಸಿದರೆ ಚಿತ್ರವೇ ಕಿತ್ತುಬರುತ್ತದೆ. ನಡುವೆ ದಪ್ಪ ರಟ್ಟಿನ ಚೌಕಟ್ಟು ಕೊಡಿ. ಮುರಕಲ್ಲಿನ ಗೋಡೆ ಬೆವರುತ್ತದೆ, ಆದ್ದರಿಂದ ಫ್ರೇಮಿನ ಹಿಂದೆ 2–3 ಸೆಂ.ಮೀ. ಗಾಳಿಯಾಡಲಿ. ಟಿಕೆಟ್‌ಗಳನ್ನು ಬಾಗಿಲಿನ ಆಯಸ್ಕಾಂತದ ಲಾಕ್‌ನಿಂದ ದೂರವಿಡಿ.

ಗಾಜಿನ ಪೆಟ್ಟಿಗೆಗೆ ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕುವ ಮೊದಲು ಸಂದುಗಳನ್ನು ಮುಚ್ಚಿ, ಇಲ್ಲವಾದರೆ ಕೋಣೆಯ ತೇವವೆಲ್ಲ ಅದಕ್ಕೇ. ನೀಲಿ ಬಣ್ಣದ್ದರಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದನ್ನು ಕೊಳ್ಳಿ. ಬಣ್ಣ ತಿರುಗಿದಾಗ ಓವನ್ನಿನಲ್ಲಿ 110–120 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು. ಹಗಲು ಎಸಿ ಹಾಕಿ ರಾತ್ರಿ ಆರಿಸುವ ರೂಢಿಯಿದ್ದರೆ ಎಸಿಯೇ ಬೇಡ. ತಣ್ಣಗಾದ ಗಾಜು, ಕಾಗದಗಳ ಮೇಲೆ ರಾತ್ರಿಯ ತೇವದ ಗಾಳಿ ನೀರಾಗಿ ಕೂರುತ್ತದೆ, ಬೂಷ್ಟು ಶುರುವಾಗುವುದು ಅಲ್ಲಿಂದಲೇ. ಅದರ ಬದಲು ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಯಂತ್ರ ಒಂದನ್ನು ಬಾಡಿಗೆಗೆ ತಂದು, ಬಾಗಿಲು ಮುಚ್ಚಿ, ಹಗಲೂ ರಾತ್ರಿ ಓಡಿಸಿ, ಅದರ ನೀರಿನ ಡಬ್ಬಿ ಖಾಲಿ ಮಾಡಲು ಒಬ್ಬರನ್ನು ಗೊತ್ತುಮಾಡಿ.