ಓದುಗರ ಪ್ರಶ್ನೆ, ನಮ್ಮ ಉತ್ತರ: ಬಡಾವಣೆಯ ಸಣ್ಣ ಕಾಫಿ ಅಂಗಡಿಗಳು

ಕಾಫಿ ಅಂಗಡಿಗಳ ಬಗ್ಗೆ ಹಲವು ಓದುಗರು ಬರೆದ ಪತ್ರಗಳು ಕೈಸೇರಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಮನೆಯ ಸುತ್ತಮುತ್ತ ಮಾಲೀಕರೇ ನಿಂತು ನಡೆಸುವ ಸಣ್ಣ ಕಾಫಿ ಅಂಗಡಿಗಳು ಒಂದರ ಹಿಂದೊಂದು ತೆರೆದಿವೆ. ನಾನು ಮಾತ್ರ ಅಭ್ಯಾಸಬಲದಿಂದ ದೊಡ್ಡ ಕಂಪನಿಯ ಸರಣಿ ಮಳಿಗೆಗೇ ಹೋಗುತ್ತಿದ್ದೇನೆ. ಈ ಅಂಗಡಿಗಳನ್ನು ಒಂದೊಂದಾಗಿ ನೋಡಿ ಬರುವ ಆಸೆಯಿದೆ. ಎಲ್ಲಿಂದ ಆರಂಭಿಸಲಿ? ಮೊಬೈಲಿನಲ್ಲಿ ಜನ ಕೊಡುವ ನಕ್ಷತ್ರಗಳನ್ನು ನಂಬಬಹುದೇ?

ಉತ್ತರ: ನಡೆದು ಹೋಗಬಹುದಾದ ದೂರದ ಅಂಗಡಿಗಳಿಂದಲೇ ಆರಂಭಿಸಿ. ಸಣ್ಣ ಅಂಗಡಿಯ ಗುಣ ಒಂದೇ ಭೇಟಿಯಲ್ಲಿ ತಿಳಿಯುವಂಥದ್ದಲ್ಲ. ಮತ್ತೆ ಮತ್ತೆ ಹೋಗುವುದು ಸುಲಭವಾಗಿದ್ದರೆ ಮಾತ್ರ ನೀವು ಹೋಗುತ್ತೀರಿ. ನಕ್ಷತ್ರಗಳ ವಿಷಯಕ್ಕೆ ಬಂದರೆ, ಆ ಒಂದು ಅಂಕಿಯೊಳಗೆ ಗಾಡಿ ನಿಲ್ಲಿಸುವ ಜಾಗ, ಗೋಡೆಯ ಬಣ್ಣ, ವೈಫೈ ವೇಗ, ಬಿಲ್ಲು ತಂದುಕೊಡುವಾಗ ಆದ ತಡ ಎಲ್ಲವೂ ಸೇರಿಹೋಗಿರುತ್ತವೆ, ಕಾಫಿಯ ಪಾಲು ಅದರಲ್ಲಿ ಎಷ್ಟೆಂದು ಯಾರೂ ಹೇಳಲಾರರು. ಅಂಕಿಯನ್ನು ಬಿಟ್ಟು ಬರಹವನ್ನು ಓದಿ; ಏನು ಕುಡಿದೆವು, ಅದು ಹೇಗಿತ್ತು ಎಂದು ಬಿಡಿಸಿ ಬರೆದವರ ಮಾತಿಗೆ ಮಾತ್ರ ಬೆಲೆ ಕೊಡಿ.

ಹೋದಲ್ಲೆಲ್ಲ ಒಂದೇ ಪಾನೀಯವನ್ನು ಕೇಳಿ ಎಂಬುದು ನಮ್ಮ ಮುಖ್ಯ ಸಲಹೆ. ಒಂದು ಕಡೆ ಹಾಲಿಲ್ಲದ ಕಾಫಿ, ಇನ್ನೊಂದು ಕಡೆ ಐಸ್‌ಕ್ರೀಮ್ ತೇಲಿಸಿದ ತಣ್ಣನೆಯ ಕಾಫಿ ಕುಡಿದರೆ ನೀವು ಎರಡು ಪಾನೀಯಗಳನ್ನು ಹೋಲಿಸಿದಂತಾಗುತ್ತದೆ, ಎರಡು ಅಂಗಡಿಗಳನ್ನಲ್ಲ. ಕೆಲವು ರಸಿಕರು ಬರಿಯ ಎಸ್ಪ್ರೆಸೊ, ಅಂದರೆ ಯಂತ್ರದ ಒತ್ತಡದಿಂದ ಇಳಿಸಿದ ಹಾಲಿಲ್ಲದ ಗಟ್ಟಿ ಕಾಫಿ, ಕುಡಿದೇ ಅಳೆಯಬೇಕು ಎನ್ನುತ್ತಾರೆ. ಅದು ನಿಮಗೆ ರುಚಿಸದಿದ್ದರೆ ಅಂಥ ಶಿಕ್ಷೆಯ ಅಗತ್ಯವಿಲ್ಲ. ಹಾಲು ಹಾಕಿದ ಸಾದಾ ಕಾಫಿಯಾಗಲಿ ಕ್ಯಾಪುಚಿನೊ ಆಗಲಿ, ನೀವು ದಿನವೂ ಕುಡಿಯುವುದನ್ನೇ ಕೇಳಿ. ಆದರೆ ಸಿರಪ್ಪು, ಚಾಕೊಲೇಟು, ಮೇಲಿನ ಕೆನೆ ಯಾವುದೂ ಬೇಡವೆನ್ನಿ. ಸಕ್ಕರೆಯನ್ನೂ ಮೊದಲ ಎರಡು ಗುಟುಕು ಮುಗಿಯುವವರೆಗೆ ದೂರವಿಡಿ. ಕಪ್ಪನ್ನು ಬಿಸಿಯಲ್ಲೇ ಬರಿದು ಮಾಡದೆ ಕಾಲು ಭಾಗವನ್ನು ಉಗುರುಬೆಚ್ಚಗಾಗುವವರೆಗೆ ಉಳಿಸಿಕೊಳ್ಳಿ. ನಾಲಿಗೆ ಸುಡುವಷ್ಟು ಬಿಸಿಯಿದ್ದಾಗ ರುಚಿಯ ಸೂಕ್ಷ್ಮಗಳು ತಿಳಿಯುವುದಿಲ್ಲ. ಆರಿದ ಮೇಲೂ ಕುಡಿಯಬೇಕೆನಿಸಿದರೆ ಆ ಬೀಜವೂ ಅದನ್ನು ಹುರಿದವರೂ ಒಳ್ಳೆಯವರೆಂದೇ ಲೆಕ್ಕ.

ಕಾಫಿ ಬರುವವರೆಗೆ ಮೊಬೈಲು ನೋಡುವ ಬದಲು ಕೌಂಟರಿನತ್ತ ನೋಡಿ. ಹಾಲಿಗೆ ಆವಿ ಹಾಯಿಸುವ ಉಕ್ಕಿನ ಕೊಳವೆಯನ್ನು ಪ್ರತಿ ಸಲವೂ ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಕ್ಷಣ ಆವಿಯನ್ನು ಬರಿದೇ ಹೊರಬಿಡಬೇಕು. ಕೊಳವೆಯ ತುದಿಯಲ್ಲಿ ಒಣಗಿದ ಹಾಲು ಹಳದಿ ಹೊಪ್ಪಳೆಯಂತೆ ಅಂಟಿಕೊಂಡಿದ್ದರೆ, ಕಣ್ಣಿಗೆ ಕಾಣುವ ಜಾಗವೇ ಹೀಗಿರುವಾಗ ಯಂತ್ರದ ಒಳಗಿನ ಜಾಲರಿ ಹೇಗಿರಬಹುದೆಂದು ನೀವೇ ಊಹಿಸಿ. ಗ್ರೈಂಡರಿನ ಮೇಲೆ ಬೀಜ ತುಂಬುವ ಪಾರದರ್ಶಕ ಡಬ್ಬಿಯನ್ನೂ ಗಮನಿಸಿ: ಅದರ ಒಳಮೈಗೆ ಕಂದು ಬಣ್ಣದ ಜಿಡ್ಡು ಮೆತ್ತಿಕೊಂಡಿದ್ದರೆ, ಆ ಹಳೆಯ ಎಣ್ಣೆಯ ಕಮಟು ವಾಸನೆ ಹೊಸ ಬೀಜಕ್ಕೂ ತಗಲುತ್ತದೆ. ನೀವು ಕಾಫಿ ಹೇಳಿದ ಮೇಲೆ ಗ್ರೈಂಡರಿನ ಸದ್ದು ಕೇಳಿಸಿತೇ? ಪುಡಿಯಾದ ಕಾಫಿ ತನ್ನ ಪರಿಮಳವನ್ನು ಬಹುಬೇಗ ಕಳೆದುಕೊಳ್ಳುವುದರಿಂದ, ಬೆಳಿಗ್ಗೆಯೇ ಪುಡಿಮಾಡಿ ಡಬ್ಬಿಯಲ್ಲಿಟ್ಟುಕೊಳ್ಳುವ ಅಂಗಡಿಯಲ್ಲಿ ಎಷ್ಟು ದುಬಾರಿ ಬೀಜವಿದ್ದರೂ ಪ್ರಯೋಜನ ಕಡಿಮೆ.

ಜನ ಕಡಿಮೆಯಿದ್ದಾಗ ಒಂದೇ ಒಂದು ಪ್ರಶ್ನೆ ಕೇಳಿ: ಈ ಬೀಜವನ್ನು ಯಾವಾಗ ಹುರಿದದ್ದು? ಹುರಿದ ಬೀಜ ಹಲವು ದಿನಗಳವರೆಗೆ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಿರುತ್ತದೆ. ಆ ಅನಿಲ ತಕ್ಕಮಟ್ಟಿಗೆ ಇಳಿದ ಮೇಲೆ, ಸುಮಾರಾಗಿ ಒಂದು ವಾರದಿಂದ ಒಂದು ತಿಂಗಳವರೆಗೆ, ಅದು ತನ್ನ ಒಳ್ಳೆಯ ಸ್ಥಿತಿಯಲ್ಲಿರುತ್ತದೆ. ಚೀಲದ ಮೇಲಿನ ತಾರೀಖನ್ನು ತಿರುಗಿಸಿ ತೋರಿಸಿದರೆ ಒಳ್ಳೆಯ ಲಕ್ಷಣ. ಅಂಥ ತಾರೀಖೇ ಇಲ್ಲದೆ, ಮುಂದಿನ ವರ್ಷದವರೆಗೆ ಬಳಸಬಹುದು ಎಂಬ ಮುದ್ರೆ ಮಾತ್ರ ಇದ್ದರೆ ನಿಮ್ಮ ನಿರೀಕ್ಷೆಯನ್ನು ಸ್ವಲ್ಪ ತಗ್ಗಿಸಿಕೊಳ್ಳಿ. ಆಮೇಲೆ ಇನ್ನೊಂದು ದಿನ, ಇನ್ನೊಂದು ಹೊತ್ತಿನಲ್ಲಿ ಮತ್ತೆ ಹೋಗಿ, ಅದೇ ಕಾಫಿಯನ್ನು ಕೇಳಿ. ತೀರ್ಮಾನ ಅಲ್ಲಿಯವರೆಗೆ ಕಾಯಲಿ.

ಪ್ರಶ್ನೆ: ನನಗೆ ಮೆಚ್ಚಿಕೆಯಾದ ಸಣ್ಣ ಅಂಗಡಿಯೊಂದರಲ್ಲಿ ಕಾಫಿ ಒಂದು ದಿನ ಅಮೃತದಂತಿರುತ್ತದೆ, ಇನ್ನೊಂದು ದಿನ ಹುಳಿ ಹೊಡೆಯುತ್ತದೆ. ಸರಣಿ ಮಳಿಗೆಯಲ್ಲಿ ಹೀಗಾಗುವುದಿಲ್ಲ. ಇದು ಅವರ ಅಜಾಗರೂಕತೆಯೇ?

ಉತ್ತರ: ಇರಬಹುದು, ಇಲ್ಲದಿರಲೂಬಹುದು. ಎಸ್ಪ್ರೆಸೊ ಯಂತ್ರವು ಸುಮಾರು 9 ಬಾರ್ ಒತ್ತಡದಲ್ಲಿ, ಅಂದರೆ ಗಾಳಿಯ ಸಾಮಾನ್ಯ ಒತ್ತಡದ ಸುಮಾರು ಒಂಬತ್ತು ಪಟ್ಟಿನಲ್ಲಿ, 90ರಿಂದ 96 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದ ನೀರನ್ನು ಪುಡಿಯ ಮೂಲಕ ನುಗ್ಗಿಸುತ್ತದೆ. ಸಾಮಾನ್ಯವಾಗಿ 25ರಿಂದ 30 ಸೆಕೆಂಡುಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಪುಡಿ ತುಸು ದಪ್ಪವಾದರೆ ನೀರು ಬೇಗನೆ ಹಾಯ್ದುಹೋಗಿ, ಮೊದಲು ಕರಗುವ ಹುಳಿಯಷ್ಟೇ ಕಪ್ಪಿಗಿಳಿದು ಕಾಫಿ ತೆಳ್ಳಗಾಗುತ್ತದೆ. ತೀರ ನುಣ್ಣಗಾದರೆ ನೀರು ತಡೆದು ತಡೆದು ಇಳಿದು ಕಹಿ ಹೆಚ್ಚುತ್ತದೆ. ಬೀಜ ಹಳತಾಗುತ್ತ ಹೋದಂತೆ, ಹವೆಯ ತೇವ ಬದಲಾದಂತೆ, ಸತತ ಕೆಲಸದಿಂದ ಗ್ರೈಂಡರು ಬಿಸಿಯೇರಿದಂತೆ, ನಿನ್ನೆ ಸರಿಯಾಗಿದ್ದ ಅದೇ ಹೊಂದಾಣಿಕೆ ಇಂದು ತಪ್ಪಾಗುತ್ತದೆ. ಆದ್ದರಿಂದಲೇ ಎಚ್ಚರದ ಅಂಗಡಿಯವರು ಬಾಗಿಲು ತೆರೆಯುವ ಮೊದಲು ಕಾಫಿ ಮಾಡಿ ರುಚಿ ನೋಡಿ, ಹಿಡಿಸುವವರೆಗೆ ಗ್ರೈಂಡರನ್ನು ತಿರುವುತ್ತಾರೆ, ಆ ಮೊದಲ ಕಪ್ಪುಗಳನ್ನು ಚೆಲ್ಲುತ್ತಾರೆ. ನೀವು ಆ ಚೆಲ್ಲಬೇಕಾದ ಕಪ್ಪನ್ನು ಕುಡಿದಿರಬಹುದು.

ಸರಣಿ ಮಳಿಗೆಗಳು ಹಲವು ಕಡೆಯ ಬೀಜಗಳನ್ನು ಬೆರೆಸಿ, ಸಾಮಾನ್ಯವಾಗಿ ಕಪ್ಪಾಗುವಷ್ಟು ಹುರಿದು, ಗುಂಡಿ ಒತ್ತಿದರೆ ಸಾಕೆನ್ನುವ ಯಂತ್ರಗಳನ್ನು ಇಟ್ಟುಕೊಂಡು ವ್ಯತ್ಯಾಸವನ್ನೇ ಅಳಿಸಿಬಿಡುತ್ತವೆ. ಅದನ್ನು ಹಗುರವಾಗಿ ಕಾಣಬೇಕಿಲ್ಲ, ಅದೂ ಒಂದು ಶಿಸ್ತು. ಆದರೆ ಹೆಚ್ಚು ಹುರಿದಷ್ಟೂ ಬೀಜ ಬೆಳೆದ ನೆಲದ ಗುಣ ಮರೆಯಾಗಿ ಹುರಿದ ರುಚಿಯೇ ಮುಂದೆ ನಿಲ್ಲುತ್ತದೆ. ಸಣ್ಣ ಅಂಗಡಿಯವರು ಬೇರೆ ಬೇರೆ ತೋಟದ ಬೀಜವನ್ನು ಹದವಾಗಿ ಹುರಿದು ಬಳಸುವುದರಿಂದ ಬೀಜ ಬದಲಾದಾಗ ರುಚಿಯೂ ಬದಲಾಗುವುದು ಸಹಜ, ಅದನ್ನು ದೋಷವೆನ್ನಲಾಗದು. ಮಾಲೀಕರಿದ್ದಾಗ ಚೆನ್ನಾಗಿದ್ದು, ಸಹಾಯಕರು ಮಾಡಿದಾಗ ಕೆಡುವುದಾದರೆ ಅದು ಕೈಯ ವ್ಯತ್ಯಾಸ, ಖಂಡಿತವಾಗಿ ದೋಷ. ಪುಡಿಯನ್ನೂ ಇಳಿದ ಕಾಫಿಯನ್ನೂ ಪುಟ್ಟ ತಕ್ಕಡಿಯಲ್ಲಿ ತೂಗುತ್ತಾರೆಯೇ ಎಂದು ನೋಡಿ. ತೂಗುವ ಅಂಗಡಿಯಲ್ಲಿ ಈ ಎರಡನೆಯ ಬಗೆಯ ಏರುಪೇರು ಕಡಿಮೆ. ಇನ್ನು ಎಲ್ಲರೂ ಮರೆಯುವುದು ನೀರನ್ನು. ಹಾಲಿಲ್ಲದೆ ಸೋಸಿದ ಕಾಫಿಯಲ್ಲಿ ಶೇಕಡಾ 98ಕ್ಕೂ ಹೆಚ್ಚು ಭಾಗ ನೀರೇ. ತೀರ ಗಡಸು ನೀರು ರುಚಿಯನ್ನು ಮಂಕು ಮಾಡುತ್ತದೆ, ಖನಿಜಗಳನ್ನೆಲ್ಲ ತೆಗೆದ ನೀರು ಅದನ್ನು ಬೋಳಾಗಿಸುತ್ತದೆ. ಬೀಜ ಒಂದೇ ಆಗಿದ್ದರೂ ಎರಡು ಅಂಗಡಿಗಳ ಕಾಫಿ ಬೇರೆಯಾಗಿರಲು ಇಷ್ಟು ಸಾಕು.

ಪ್ರಶ್ನೆ: ಅಂಗಡಿಯ ಫಲಕದಲ್ಲಿ ತೋಟದ ಎತ್ತರ, ವಾಶ್ಡ್, ನ್ಯಾಚುರಲ್, ಸ್ಪೆಷಾಲಿಟಿ ಎಂದೆಲ್ಲ ಬರೆದಿರುತ್ತಾರೆ. ಕಿತ್ತಳೆಯ ರುಚಿ ಎಂದೂ ಬರೆದಿದ್ದರು, ಕುಡಿದರೆ ಕಿತ್ತಳೆ ಎಲ್ಲೂ ಸಿಗಲಿಲ್ಲ. ಇದೆಲ್ಲ ತಿಳಿದುಕೊಳ್ಳಬೇಕೇ?

ಉತ್ತರ: ಎಲ್ಲವೂ ಬೇಡ. ವಾಶ್ಡ್ ಎಂದರೆ ಹಣ್ಣಿನ ಸಿಪ್ಪೆ ಮತ್ತು ಲೋಳೆಯನ್ನು ತೆಗೆದು ತೊಳೆದು ಒಣಗಿಸಿದ ಬೀಜ, ಇದರ ರುಚಿ ಸಾಮಾನ್ಯವಾಗಿ ತಿಳಿಯಾಗಿ, ಚುರುಕಾಗಿರುತ್ತದೆ. ನ್ಯಾಚುರಲ್ ಎಂದರೆ ಇಡೀ ಹಣ್ಣನ್ನೇ ಒಣಗಿಸಿ ಆಮೇಲೆ ಬಿಡಿಸಿದ ಬೀಜ, ಇದರಲ್ಲಿ ಹಣ್ಣಿನ ಸಿಹಿಯೂ ಕೆಲವೊಮ್ಮೆ ಹುಳಿತ ವಾಸನೆಯೂ ಇರುತ್ತದೆ. ಈ ಎರಡು ತಿಳಿದಿದ್ದರೆ ಫಲಕದ ಮುಕ್ಕಾಲು ಪಾಲು ಅರ್ಥವಾದಂತೆ. ಎತ್ತರದ ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗಿ ಬೀಜ ಗಟ್ಟಿಯಾಗುವುದರಿಂದ ಎತ್ತರವನ್ನು ಹೇಳಿಕೊಳ್ಳುತ್ತಾರೆ. ಸ್ಪೆಷಾಲಿಟಿ ಎಂಬ ಮಾತನ್ನು ಕಾಫಿ ವ್ಯಾಪಾರಿ ಎರ್ನಾ ನಟ್ಸನ್ 1974ರಲ್ಲಿ ಬಳಕೆಗೆ ತಂದರು. ಪರಿಣತರು ರುಚಿ ನೋಡಿ 100ಕ್ಕೆ 80 ಅಥವಾ ಅದಕ್ಕಿಂತ ಹೆಚ್ಚು ಅಂಕ ಕೊಟ್ಟ ಬೀಜಕ್ಕೆ ಆ ಹೆಸರು ಸಲ್ಲುತ್ತದೆ ಎಂಬುದು ಬಹುಕಾಲದಿಂದ ನಡೆದುಬಂದ ಅಳತೆ. ಅಂಕ ಸಿಗುವುದು ಬೀಜಕ್ಕೆ, ನಿಮ್ಮ ಮುಂದಿರುವ ಕಪ್ಪಿಗಲ್ಲ ಎಂಬುದನ್ನು ಮಾತ್ರ ನೆನಪಿಡಿ.

ಕಿತ್ತಳೆಯನ್ನು ಅವರು ಬೆರೆಸಿರುವುದಿಲ್ಲ. ಹುರಿದವರ ನಾಲಿಗೆಗೆ ಆ ನೆನಪು ಬಂದಿತೆಂದಷ್ಟೇ ಅದರ ಅರ್ಥ. ಹಾಲು ಬೆರೆಸಿದ ಕಪ್ಪಿನಲ್ಲಿ ಅದು ಸಿಗುವುದಂತೂ ಇನ್ನೂ ಕಷ್ಟ. ಇಂಥ ಬೀಜವನ್ನು ಹಾಲಿಲ್ಲದೆ, ಕಾಗದದ ಸೋಸುಹಾಳೆಯ ಮೇಲೆ ಕೈಯಿಂದ ನೀರು ಹೊಯ್ದು ಮಾಡಿಸಿಕೊಂಡು ಒಮ್ಮೆ ನೋಡಿ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ ಮಗನ ಶಾಲಾಪುಸ್ತಕದ, ಶಾಯಿ ಹೀರುವ ಒತ್ತುಕಾಗದವನ್ನು ಹರಿದು ಕಾಫಿ ಸೋಸಿ, 1908ರಲ್ಲಿ ಅದನ್ನು ನೋಂದಾಯಿಸಿಕೊಂಡ ಉಪಾಯವಿದು. ಕಾಗದವು ಎಣ್ಣೆಯನ್ನೂ ಸಣ್ಣ ಗಸಿಯನ್ನೂ ತಡೆಹಿಡಿಯುವುದರಿಂದ ಬೀಜದ ಮೂಲ ರುಚಿ ನಿಚ್ಚಳವಾಗಿ ಸಿಗುತ್ತದೆ. ಆಗಲೂ ಕಿತ್ತಳೆ ಸಿಗದಿದ್ದರೆ ಚಿಂತಿಸಬೇಡಿ, ನಮಗೂ ಹಲವು ಸಲ ಸಿಗುವುದಿಲ್ಲ.

ಪ್ರಶ್ನೆ: ಸಂಜೆ ಕಾಫಿ ಕುಡಿದರೆ ನಿದ್ರೆ ಬರುವುದಿಲ್ಲ. ಡಿಕ್ಯಾಫ್, ಅಂದರೆ ಕೆಫೀನ್ ತೆಗೆದ ಕಾಫಿ, ಕೇಳಿದರೆ ಅಂಗಡಿಯವರು ಕೀಳಾಗಿ ನೋಡುತ್ತಾರೆಯೇ?

ಉತ್ತರ: ನೋಡಿದರೆ ಅಂಗಡಿ ಬದಲಿಸಿ. ಡಿಕ್ಯಾಫ್‌ನಲ್ಲೂ ಅಲ್ಪ ಪ್ರಮಾಣದ ಕೆಫೀನ್ ಉಳಿದಿರುತ್ತದೆ ಎಂಬುದು ಗೊತ್ತಿರಲಿ. ಅದು ಸಿಗದ ಕಡೆ, ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ಬಳಸುವ ಬೀಜ ಅರೇಬಿಕಾ ಮಾತ್ರವೋ ರೊಬಸ್ಟಾ ಬೆರೆತದ್ದೋ ಎಂದಾದರೂ ವಿಚಾರಿಸಿ, ಏಕೆಂದರೆ ಅರೇಬಿಕಾಗಿಂತ ರೊಬಸ್ಟಾದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು ಇರುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪ್ ಹಿಡಿದು ಒಂದು ಕಪ್ಪಿನ ಮೇಲೆ ಅರ್ಧ ದಿನ ಕೂರುವುದು ಸರಿಯೇ? ನನ್ನ ಸ್ನೇಹಿತರು ಅದು ಗಿರಾಕಿಯ ಹಕ್ಕು ಎನ್ನುತ್ತಾರೆ.

ಉತ್ತರ: ಕಾಫಿ ಅಂಗಡಿಯಲ್ಲಿ ಕೂತು ವ್ಯವಹಾರ ನಡೆಸುವುದು ಹೊಸದೇನಲ್ಲ. 17ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಎಡ್ವರ್ಡ್ ಲಾಯ್ಡ್ ಎಂಬುವರ ಕಾಫಿ ಮನೆಯಲ್ಲಿ ಹಡಗಿನ ವ್ಯಾಪಾರಿಗಳು ಸೇರುತ್ತಿದ್ದುದರಿಂದಲೇ ಇಂದಿನ ಲಾಯ್ಡ್ಸ್ ವಿಮಾ ಮಾರುಕಟ್ಟೆ ಹುಟ್ಟಿತು. ಆದರೂ ನಿಮ್ಮ ಸ್ನೇಹಿತರ ಮಾತನ್ನು ನಾವು ಒಪ್ಪುವುದಿಲ್ಲ. ಬೆರಳೆಣಿಕೆಯ ಮೇಜುಗಳಿರುವ ಅಂಗಡಿಯ ಬಾಡಿಗೆ ಹುಟ್ಟುವುದು ಆ ಮೇಜುಗಳಿಂದಲೇ, ಅಲ್ಲಿ ನಷ್ಟವನ್ನು ಹೊರಲು ಬೇರೆ ಶಾಖೆಗಳಿಲ್ಲ. ಒಂದು, ಒಂದೂವರೆ ಗಂಟೆಗೊಮ್ಮೆ ಏನನ್ನಾದರೂ ತರಿಸಿಕೊಳ್ಳಿ, ನಾಲ್ವರ ಮೇಜನ್ನು ಒಬ್ಬರೇ ಹಿಡಿಯಬೇಡಿ, ಬಂದವರು ನಿಂತಿರುವುದು ಕಂಡರೆ ಎದ್ದುಬಿಡಿ. ಫೋನಿನ ಮಾತನ್ನು ಹೊರಗೆ ಹೋಗಿ ಆಡಿ.

ಪ್ರಶ್ನೆ: ಮಾಲೀಕರೇ ಕಾಫಿ ಮಾಡಿ ಕೈಗೆ ಕೊಟ್ಟು, ಹೇಗಿದೆ ಎಂದು ಮುಖ ನೋಡುತ್ತಾರೆ. ಚೆನ್ನಾಗಿಲ್ಲದಿದ್ದರೆ ಏನು ಹೇಳುವುದು? ಸುಮ್ಮನೆ ತಲೆಯಾಡಿಸಿ ಬಂದು ಮತ್ತೆ ಆ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ.

ಉತ್ತರ: ನಿಮ್ಮ ಸಂಕೋಚ ಅರ್ಥವಾಗುತ್ತದೆ. ಆದರೆ ಹೇಳದೆ ಹೋಗಿಬಿಡುವ ಗಿರಾಕಿಯಿಂದ ಅಂಗಡಿಯವರಿಗೆ ನಷ್ಟ ಮಾತ್ರ ತಿಳಿಯುತ್ತದೆ, ಕಾರಣ ತಿಳಿಯುವುದಿಲ್ಲ. ಚೆನ್ನಾಗಿಲ್ಲ ಎಂದರೆ ಅವರಿಗೂ ಏನು ಮಾಡಬೇಕೆಂದು ತೋಚದು. ಹುಳಿ ಮುಂದಾಯಿತು, ಕಹಿ ನಾಲಿಗೆಯಲ್ಲೇ ಉಳಿಯಿತು, ಹಾಲು ಹೆಚ್ಚು ಕಾದು ಬೆಂದ ವಾಸನೆ ಬಂದಿತು ಎಂದು ಬಿಡಿಸಿ ಹೇಳಿದರೆ ಮೂರಕ್ಕೂ ಅವರ ಕೈಯಲ್ಲೇ ಪರಿಹಾರವಿದೆ. ಹುಳಿಗೆ ಪುಡಿಯನ್ನು ನುಣ್ಣಗೆ ಮಾಡುತ್ತಾರೆ, ಕಹಿಗೆ ದಪ್ಪ ಮಾಡುತ್ತಾರೆ, ಹಾಲನ್ನು 60ರಿಂದ 65 ಡಿಗ್ರಿಯಲ್ಲಿ ನಿಲ್ಲಿಸುತ್ತಾರೆ. ಬೇರೆ ಗಿರಾಕಿಗಳ ಎದುರು ಬೇಡ. ಕಪ್ಪನ್ನು ಕೌಂಟರಿಗೆ ನೀವೇ ಒಯ್ದು, ಅರ್ಧಕ್ಕಿಂತ ಹೆಚ್ಚು ಕುಡಿಯುವ ಮೊದಲೇ ಮೆಲ್ಲಗೆ ಹೇಳಿ. ಬಹಳ ಕಡೆ ಇನ್ನೊಂದು ಕಪ್ಪು ಮಾಡಿಕೊಡುತ್ತಾರೆ, ಅದಕ್ಕೆ ಹಣ ಕೇಳುವುದಿಲ್ಲ. ವಾದಕ್ಕಿಳಿದು ನಿಮಗೆ ಕಾಫಿಯೇ ಗೊತ್ತಿಲ್ಲ ಎನ್ನುವವರು ಸಿಕ್ಕರೆ ಆಗ ಆ ಅಂಗಡಿಯನ್ನು ಬಿಡಿ.